ಹೆಬ್ಬೆರಳಿಗೆ ರಜೆ

ನೀಲಾವತಿ ಗೇರುಬೀಜವನ್ನು ಬ್ಲೇಡಿನ ಬಾಯಿಗಿಟ್ಟು ಬಲಗಾಲಿನಿಂದ ಪೆಡಲು ಒತ್ತಿದಳು. ಹಿಡಿಕೆ ತಿರುಗಿಸಿದಳು. ಚಿಪ್ಪು ಎರಡು ಹೋಳಾಯಿತು. ಸೊನೆ ಚಿಮ್ಮಿ ಮಣಿಕಟ್ಟಿಗೆ ಬಿತ್ತು. ಒರೆಸಲಿಲ್ಲ. ಒರೆಸಿದರೆ ಹರಡುತ್ತದೆ, ಹರಡಿದಲ್ಲೆಲ್ಲ ಸುಡುತ್ತದೆ. ಪಕ್ಕದ ತಟ್ಟೆಯ ಬೂದಿಗೆ ಬೆರಳು ಅದ್ದಿ ಮುಂದಿನ ಬೀಜ ಎತ್ತಿಕೊಂಡಳು.

ಮೇಜಿನ ಆಚೆ ಬದಿಯಲ್ಲಿ ಝೈನಬ್. ನೀಲಾವತಿ ಕತ್ತರಿಸಿ ದೂಡಿದ ಹೋಳಿನಿಂದ ತಿರುಳು ಎಬ್ಬಿಸುವುದು ಅವಳ ಕೆಲಸ. ಇಡಿಯಾಗಿ ಬಂದದ್ದು ಒಂದು ಬುಟ್ಟಿಗೆ, ತುಂಡಾದದ್ದು ಇನ್ನೊಂದಕ್ಕೆ. ತುಂಡಿನ ಬುಟ್ಟಿ ಭಾರವಾದರೆ ಇಬ್ಬರಿಗೂ ಬೈಗುಳ. ಗುರುವಾಯನಕೆರೆಯ ಈಚೆಗಿರುವ ಈ ಬೀಜದ ಫ್ಯಾಕ್ಟರಿಯಲ್ಲಿ ಹೀಗೆ ಎದುರುಬದುರು ಕೂತೇ ಇಬ್ಬರ ಕೂದಲೂ ನರೆತಿತ್ತು.

“ಪಾಲುದಾರ್ತಿಗೆ ಆ ಬೂದಿ ಸ್ವಲ್ಪ ಈಚೆ ದೂಡು,” ಎಂದಳು ಝೈನಬ್.

“ನಿನಗೆ ತಮಾಷೆ.”

“ತಮಾಷೆ ಎಂತದು ಮಾರಾಯ್ತಿ! ನಾನು ಬೆರಳು ಒತ್ತಿ ಆಯ್ತು, ಕಂಪನಿಗೆ ಧನಿ ಆದೆ. ಈ ಶೆಡ್ಡಿನಲ್ಲಿ ಇನ್ನು ಕೂಲಿಯವಳು ಅಂತ ಉಳಿದದ್ದು ನೀನೊಬ್ಬಳೇ. ಧನಿಯ ಎದುರು ಹೀಗೆ ಕಾಲು ಚಾಚಿ ಕೂತುಕೊಳ್ಲಿಕ್ಕೆ ನಿನಗೆ ನಾಚಿಕೆ ಆಗ್ಬೇಕು.”

ಅಕ್ಕಪಕ್ಕದ ಮೇಜಿನವರು ನಕ್ಕರು. ನೀಲಾವತಿಯೂ ನಕ್ಕಳು. ನಗು ಮುಗಿಯುವ ಮೊದಲೇ ಬಾಗಿಲಲ್ಲಿ ಮಗಳು ಕಂಡಳು.

ವಿಸ್ಮಿತಾ ಶೆಡ್ಡಿನ ಒಳಗೆ ಬರಲಿಲ್ಲ. ನೆಲದ ಸೊನೆ ಚಪ್ಪಲಿಗೆ ಹಿಡಿಯುತ್ತದೆ. ಎದೆಗೆ ಟ್ಯಾಬ್ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತು ಕರೆದಳು. “ನೀಲಾವತಿಯವರು ಆಫೀಸಿಗೆ ಬರಬೇಕಂತೆ.”

ಅಮ್ಮ ಎನ್ನಲಿಲ್ಲ. ಕೆಲಸದ ಜಾಗದಲ್ಲಿ ಸಂಬಂಧ ಹೇಳಿ ಕರೆಯಬಾರದೆಂದು ಸಣ್ಣ ಧನಿ ಕಲಿಸಿದ್ದರು. ಹಾಗೆ ಕರೆಯುವಾಗ ಮಗಳು ತನ್ನ ಮುಖ ನೋಡುವುದಿಲ್ಲ ಎನ್ನುವುದನ್ನು ನೀಲಾವತಿ ಮೊದಲ ದಿನವೇ ಗಮನಿಸಿದ್ದಳು.

ಸಣ್ಣ ಧನಿ ಎಂದರೆ ಧನರಾಜ್, ಊರಿನ ಜಮೀನ್ದಾರರ ಗುತ್ತುಮನೆಯ ಪದ್ಮಯ್ಯನವರ ಮಗ. ಅಪ್ಪನ ಕೈಯಿಂದ ಫ್ಯಾಕ್ಟರಿ ವಹಿಸಿಕೊಂಡು ಎರಡು ವರ್ಷವಾಗಿತ್ತು. ಫ್ಯಾಕ್ಟರಿ ಎನ್ನಬಾರದು, ಕಂಪನಿ ಎನ್ನಬೇಕು ಎಂದರು. ಗೋಡೆಗೆ ಹಳದಿ ಬಣ್ಣ ಬಳಿಸಿದರು. ಸೊನೆಯ ಹೊಗೆ ಹೊರಹೋಗಲು ಒಂದು ಫ್ಯಾನು ಹಾಕಿಸಿ ಎಂದು ಹೆಂಗಸರು ಅವರಪ್ಪನ ಕಾಲದಿಂದ ಕೇಳುತ್ತಿದ್ದರು. ಅದು ಬರಲಿಲ್ಲ. ವಿಸ್ಮಿತಾ ಮೂಡುಬಿದಿರೆಯಲ್ಲಿ ಬಿಕಾಂ ಮುಗಿಸಿ ಮನೆಯಲ್ಲಿ ಕೂತಾಗ, “ನಮ್ಮ ಲೋಕಯ್ಯನ ಮೊಮ್ಮಗಳಲ್ವಾ, ಇಲ್ಲಿಗೇ ಬರಲಿ,” ಎಂದು ಆಫೀಸಿನಲ್ಲಿ ಕುರ್ಚಿ ಕೊಟ್ಟವರೂ ಅವರೇ. ದಲಿತರ ಕಾಲೊನಿಯವರಿಗೆ ಆ ವಠಾರದಲ್ಲಿ ಸಿಕ್ಕ ಮೊದಲ ಕುರ್ಚಿ ಅದು. ಅದನ್ನು ನೋಡಲೆಂದೇ ನೀಲಾವತಿ ಒಂದು ದಿನ ನೀರು ಕುಡಿಯುವ ನೆಪದಲ್ಲಿ ಆಫೀಸಿನ ಕಿಟಕಿಯ ಬಳಿ ಹೋಗಿ ಬಂದಿದ್ದಳು. ತಿರುಗುವ ಕುರ್ಚಿ. ಮಗಳು ಅದರಲ್ಲಿ ಬೆನ್ನು ತಾಗಿಸದೆ ಕೂತಿದ್ದಳು.

ಕಳೆದ ತಿಂಗಳು ಧನರಾಜ್ ಶೆಡ್ಡಿನಲ್ಲಿ ಸ್ಟೂಲು ಹತ್ತಿ ನಿಂತು ಮಾತಾಡಿದರು. ಬೈಯುವುದು ತುಳುವಿನಲ್ಲಿ, ಆವತ್ತು ಮಾತಾಡಿದ್ದು ಕನ್ನಡದಲ್ಲಿ.

“ಸರ್ಕಾರ ಕೂಲಿ ಏರಿಸಿದ್ದು ನಿಮಗೆ ಗೊತ್ತುಂಟು. ಆ ದುಡ್ಡು ನಿಮ್ಮ ಕೈಗೆ ಕೊಟ್ರೆ ಸಂಜೆಗೆ ಖರ್ಚಾಗ್ತದೆ. ಅದರ ಬದಲು ಕಂಪನಿಯಲ್ಲಿ ಪಾಲು ಕೊಡ್ತೇನೆ. ಸ್ಟಾಕ್ ಆಪ್ಷನ್ ಅಂತ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಂಪನಿಯವರು ಇಂಜಿನಿಯರುಗಳಿಗೆ ಕೊಡುವುದನ್ನು ನಾನು ನಿಮಗೆ ಕೊಡ್ತಾ ಇದ್ದೇನೆ. ಇನ್ನು ನೀವು ಕೂಲಿಯವರಲ್ಲ. ಮಾಲಕರು.”

ಝೈನಬ್ ಕೈ ಎತ್ತಿದಳು. “ಧನಿ, ಆ ಪಾಲು ಕೊಟ್ರೆ ಮಹಮ್ಮದ್ ಕುಂಞಿಯ ಅಂಗಡಿಯಲ್ಲಿ ಅಕ್ಕಿ ಕೊಡ್ತಾನಾ?”

“ಈಗ ಅಲ್ಲ ಝೈನಬ್. ನಾಲ್ಕು ವರ್ಷ ಇಲ್ಲೇ ಕೆಲಸ ಮಾಡ್ಬೇಕು. ಆಮೇಲೆ ಅದು ನಿಮ್ಮದಾಗ್ತದೆ. ಕಂಪನಿ ಶೇರು ಮಾರ್ಕೆಟಿಗೆ ಹೋದಾಗ ಮಾರಬಹುದು.”

“ಮಾರ್ಕೆಟಿಗೆ ಹೋಗುವುದು ಯಾವಾಗ?”

“ಅದು ನೋಡುವ.”

“ನಡುವೆ ಬಿಟ್ಟು ಹೋದ್ರೆ?”

“ಬಿಟ್ಟು ಯಾಕೆ ಹೋಗ್ತೀರಿ?” ಧನರಾಜ್ ನಕ್ಕರು. “ಸ್ವಂತದ್ದನ್ನು ಯಾರಾದ್ರೂ ಬಿಟ್ಟು ಹೋಗ್ತಾರಾ?”

ಆಮೇಲೆ ಒಬ್ಬೊಬ್ಬರೇ ಆಫೀಸಿಗೆ ಹೋಗಿ ಬೆರಳು ಒತ್ತಿ ಬಂದರು. ಸಿಪ್ಪೆ ಸುಲಿಯುವವರದ್ದು ಒಂದೇ ಸಲಕ್ಕೆ ಬಂತು. ಕತ್ತರಿಸುವವರದ್ದು ಎಡಗೈಯದೋ ಕಿರುಬೆರಳಿನದೋ ಹೇಗೋ ಬಂತು. ಒತ್ತುವುದಿಲ್ಲ ಎಂದ ಇಬ್ಬರನ್ನು ಮರುದಿನದಿಂದ ಸುಟ್ಟ ಬೀಜ ಹೊರುವ ಕೆಲಸಕ್ಕೆ ಹಾಕಿದರು. ಅವರೂ ವಾರದೊಳಗೆ ಒತ್ತಿದರು.

ಉಳಿದದ್ದು ನೀಲಾವತಿ. ಅವಳು ಒತ್ತುವುದಿಲ್ಲ ಎಂದಿರಲಿಲ್ಲ. ಒತ್ತಿದ್ದಳು. ಹತ್ತು ಬೆರಳನ್ನೂ ಒತ್ತಿದ್ದಳು. ಮೆಷಿನ್ ಪ್ರತಿಸಲ ಕೆಂಪು ದೀಪ ತೋರಿಸಿತು. ಸೊನೆ ಬೆರಳಿನ ಗೆರೆಗಳನ್ನು ತಿಂದು ಹಾಕಿತ್ತು.

ಕೈಕಾಲು ತೊಳೆದು ಅವಳು ಆಫೀಸಿನ ಹೊಸ್ತಿಲಲ್ಲಿ ನಿಂತಳು. “ಒಳಗೆ ಬನ್ನಿ,” ಎಂದರು ಧನರಾಜ್. ಅವಳು ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತಳು. ಅದಕ್ಕಿಂತ ಮುಂದೆ ಹೋಗಲು ಕಾಲು ಒಪ್ಪಲಿಲ್ಲ. ಮಗಳು ಕುರ್ಚಿಯಲ್ಲಿದ್ದಳು, ತಾಯಿ ಬಂದಾಗ ಏಳಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಪುನಃ ಕೂತಳು.

“ಧನಿ, ನನಗೆ ಸಹಿ ಹಾಕ್ಲಿಕ್ಕೆ ಬರ್ತದೆ. ಸಹಿ ಹಾಕ್ತೇನೆ,” ಎಂದಳು ನೀಲಾವತಿ.

ಅದನ್ನು ಹೇಳುವಾಗ ಅವಳ ಕತ್ತು ಸ್ವಲ್ಪ ನೇರವಾಯಿತು. ಮದುವೆಯಾದ ಹೊಸದರಲ್ಲಿ ಸಾಕ್ಷರತೆಯ ತರಗತಿಗೆ ಹೋಗಿ ಕಲಿತದ್ದು. ಹೆಬ್ಬೆಟ್ಟಿನವಳು ಎನ್ನಿಸಿಕೊಳ್ಳಬಾರದೆಂದು ಸ್ಲೇಟು ಸವೆಯುವಷ್ಟು ಬರೆದಿದ್ದಳು.

“ಪೆನ್ನಿನ ಸಹಿ ನಡೆಯುವುದಿಲ್ಲ. ಆಧಾರ್ ಬೇಕು. ಫೋನಿಗೆ ಒಟಿಪಿ ನಂಬರ್ ಬರುವ ದಾರಿಯೂ ಇಲ್ಲ ನಿಮ್ಮದು.”

ಆಧಾರಿಗೆ ಸೇರಿಸಿದ್ದ ಫೋನ್ ನಂಬರು ತೀರಿಹೋದ ಗಂಡನದು.

“ಇಲ್ಲಿ ಕೊಡಿ ಕೈ,” ಎಂದು ಧನರಾಜ್ ಎದ್ದು ಬಂದರು. ಅವಳ ಬಲಗೈ ಹಿಡಿದರು. ಹೆಬ್ಬೆರಳನ್ನು ಮಾತ್ರ ಬಿಡಿಸಿ, ಮೆಷಿನಿನ ಗಾಜಿನ ಮೇಲಿಟ್ಟು, ತಮ್ಮ ಹೆಬ್ಬೆರಳಿನಿಂದ ಮೇಲಿನಿಂದ ಒತ್ತಿದರು.

ನೀಲಾವತಿಯ ಮೈ ಕಲ್ಲಾಯಿತು. ಆ ಮನೆಯವರು ಅವಳ ಮನೆಯವರನ್ನು ಮುಟ್ಟಿದ್ದೇ ಇಲ್ಲ. ಅತ್ತೆ ಸಾಯುವವರೆಗೂ ಆ ಅಂಗಳದ ಹೊರಗೆ ತೆಂಗಿನ ಗೆರಟೆಯಲ್ಲಿ ಚಹಾ ಕುಡಿದವಳು. ಕೂಲಿಯನ್ನು ಮೇಲಿನಿಂದ ಕೈಗೆ ಹಾಕುತ್ತಿದ್ದರು, ಬಿದ್ದದ್ದನ್ನು ಹೆಕ್ಕಿಕೊಳ್ಳಬೇಕಿತ್ತು. ಈಗ ಅದೇ ಮನೆಯ ಕೈ ಅವಳ ಕೈಯನ್ನು ಹಿಡಿದಿತ್ತು. ಒತ್ತಿತು. ಇನ್ನೂ ಒತ್ತಿತು. ಸುಟ್ಟ ಚರ್ಮ ಬಿರಿದು ಕಣ್ಣಲ್ಲಿ ನೀರು ಬಂತು. ಮೆಷಿನ್ ಕೆಂಪು ದೀಪ ತೋರಿಸಿತು.

ಧನರಾಜ್ ಕೈ ಬಿಟ್ಟರು. ಮೇಜಿನ ಮೇಲಿದ್ದ ಸ್ಯಾನಿಟೈಸರ್ ಒತ್ತಿ ಎರಡೂ ಕೈ ಉಜ್ಜಿಕೊಂಡರು. “ಸೊನೆ ಅಲ್ವಾ,” ಎಂದರು, ಯಾರೂ ಕೇಳದಿದ್ದರೂ.

ಆಮೇಲೆ ಮಗಳ ಕಡೆ ತಿರುಗಿದರು. “ವಿಸ್ಮಿತಾ, ಮುಂದಿನ ಸೋಮವಾರ ಮುಂಬೈಯವರು ಬರ್ತಾರೆ, ಹಣ ಹಾಕುವವರು. ಎಲ್ಲ ಕೆಲಸದವರೂ ಒಪ್ಪಿದ್ದಾರೆ ಅಂತ ತೋರಿಸ್ಬೇಕು. ಒಬ್ಬರದ್ದು ಬಾಕಿ ಇದ್ರೂ ಪ್ರಶ್ನೆ ಕೇಳ್ತಾರೆ. ಇದು ನಿಮ್ಮ ಜವಾಬ್ದಾರಿ. ನಿಮ್ಮ ಅಮ್ಮನದ್ದೇ ನಿಮ್ಮಿಂದ ಆಗದಿದ್ರೆ ಈ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸ್ಬೇಕಾಗ್ತದೆ.”

“ಮಾಡ್ತೇನೆ ಸರ್.”

“ನೀಲಾವತಿ, ನೀವು ಸೋಮವಾರದವರೆಗೆ ಮನೆಯಲ್ಲಿರಿ. ಬೀಜ ಮುಟ್ಟಬೇಡಿ. ಬೆರಳಿಗೆ ತೆಂಗಿನೆಣ್ಣೆ ಹಚ್ಚಿ. ಗೆರೆ ಬರ್ತದೆ. ಕೂಲಿ ಕಟ್ ಮಾಡುವುದಿಲ್ಲ.”

ಶೆಡ್ಡಿಗೆ ಬಂದು ಬುತ್ತಿ ಎತ್ತಿಕೊಳ್ಳುವಾಗ ನೀಲಾವತಿ ವಿಷಯ ಹೇಳಿದಳು. ಝೈನಬ್ ಚೂರಿ ಕೆಳಗಿಟ್ಟಳು.

“ಸಂಬಳದ ರಜೆಯಾ? ನಮಗಾ?”

“ಹೌದಂತೆ.”

“ನನ್ನ ಅಂಗೈ ಕೀವು ಕಟ್ಟಿದಾಗ ಒಂದು ದಿನ ಕೇಳಿದ್ದಕ್ಕೆ ಕೂಲಿ ಹಿಡಿದ್ರು. ನಿನ್ನ ಕಣ್ಣಿಗೆ ಸೊನೆ ಹಾರಿದಾಗ ಬಟ್ಟೆ ಕಟ್ಟಿಕೊಂಡು ಒಂದೇ ಕಣ್ಣಲ್ಲಿ ಕತ್ತರಿಸಿದ್ದಿ, ನೆನಪುಂಟಾ? ಈಗ ನಿನ್ನ ಹೆಬ್ಬೆರಳಿಗೆ ರಜೆ!” ಝೈನಬಳಿಗೆ ನಗು ಬರಲಿಲ್ಲ. “ಹೋಗು. ಮಲಗು. ಹೆಬ್ಬೆರಳನ್ನೂ ಪಕ್ಕದಲ್ಲಿ ಚಾಪೆ ಹಾಕಿ ಮಲಗಿಸು.”

ಮೊದಲ ಎರಡು ದಿನ ನೀಲಾವತಿಗೆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಪೆಡಲು ಒತ್ತುವ ಕಾಲು ಕೂತಲ್ಲೇ ಅಲುಗುತ್ತಿತ್ತು. ಮೂರನೆಯ ದಿನದಿಂದ ಕಪ್ಪು ಚರ್ಮ ಹಪ್ಪಳದಂತೆ ಏಳತೊಡಗಿತು. ಅಡಿಯಲ್ಲಿ ಗುಲಾಬಿ ಬಣ್ಣದ, ಗಾಳಿ ತಾಗಿದರೂ ಉರಿಯುವ ಚರ್ಮ. ಆ ಚರ್ಮಕ್ಕೆ ಒಂದೊಂದೇ ವಸ್ತು ಗೊತ್ತಾಗುತ್ತ ಹೋಯಿತು. ಸೀರೆಯ ಸೆರಗಿನಲ್ಲಿ ನೂಲು ಇದೆ. ಉಪ್ಪಿನ ಹರಳಿಗೆ ಮೂಲೆಗಳಿವೆ. ನಲ್ಲಿಯ ನೀರು ಬೆಳಿಗ್ಗೆ ಒಂದು ತಣ್ಣಗೆ, ಮಧ್ಯಾಹ್ನ ಇನ್ನೊಂದು ತಣ್ಣಗೆ. ಬಸಳೆಯ ಎಲೆ ಮುರಿಯುವಾಗ ಅದರ ಲೋಳೆ ಬೆರಳಿಗೆ ಅಂಟಿತು, ಅವಳು ಸುಮಾರು ಹೊತ್ತು ಬೆರಳು ಉಜ್ಜುತ್ತ ಕೂತಳು. ಇಷ್ಟು ವರ್ಷ ಈ ಕೈಯಲ್ಲೇ ಅಡುಗೆ ಮಾಡಿದ್ದಾಳೆ, ಮಗುವನ್ನು ಮೀಯಿಸಿದ್ದಾಳೆ, ಗಂಡನ ಹೆಣದ ಕೆನ್ನೆ ಸವರಿದ್ದಾಳೆ. ಒಂದೂ ಈ ಕೈಗೆ ತಿಳಿದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ನೋವಾದಾಗ ಬಾರದ ಸಿಟ್ಟು ಗುಣವಾಗುವಾಗ ಬಂತು.

ಜಗಲಿಯಲ್ಲಿ ಮಾವ ಲೋಕಯ್ಯ ಗೋಡೆಗೆ ಒರಗಿ ಕೂತಿರುತ್ತಿದ್ದ. ಸೊಂಟ ಬಿದ್ದು ಬಹಳ ಕಾಲವಾಗಿತ್ತು. ಮಾತು ಮಾತ್ರ ಗಟ್ಟಿ.

“ಗೆರೆ ಬಂತಾ?” ಎಂದು ದಿನಾ ಕೇಳುತ್ತಿದ್ದ.

“ಬರ್ತಾ ಉಂಟು ಮಾವ.”

“ಬಂದ ಕೂಡ್ಲೇ ಒತ್ತಿಬಿಡು. ಕಾಗದ ಕೊಡ್ತೇವೆ ಅಂತ ಅವರಾಗಿ ಹೇಳುವುದು ಅಂದ್ರೆ ಸಣ್ಣ ಸಂಗತಿಯಾ? ನಾನು ಕಾಗದ ಬೇಡ ಅಂತ ಹೇಳಿ ಕೆಟ್ಟವ.”

ಆ ಕಥೆ ಮನೆಯ ಎಲ್ಲರಿಗೂ ಬಾಯಿಪಾಠ. ಪದ್ಮಯ್ಯನವರ ಅಪ್ಪನ ಕಾಲದಲ್ಲಿ ಲೋಕಯ್ಯ ಗುತ್ತುಮನೆಯ ಮೂಲದ ಆಳು, ಆ ಮನೆಗೇ ಕಟ್ಟುಬಿದ್ದವ. ಉಳುವುದು, ಕೊಯ್ಯುವುದು, ಹೊರುವುದು. ಅದಕ್ಕೆಂದು ಮೂಲೆಯ ಒಂದು ಗದ್ದೆ ಬಿಟ್ಟುಕೊಟ್ಟಿದ್ದರು. ‘ಇದು ನಿನ್ನದು’ ಎಂದಿದ್ದರು. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದಾಗ ಊರಿನ ಒಕ್ಕಲುಗಳೆಲ್ಲ ಡಿಕ್ಲರೇಷನ್ ಅರ್ಜಿ ಹಾಕಿದರು. ಧನಿ ಲೋಕಯ್ಯನನ್ನು ಅಂಗಳದ ಹೊರಗೆ ಕರೆಸಿದರು. ‘ಲೋಕು, ಆ ಗದ್ದೆ ನಿನ್ನದೇ ಅಲ್ವಾ? ನಿನ್ನದಕ್ಕೆ ನೀನೇ ಅರ್ಜಿ ಹಾಕುವುದಾ? ಯಾರಾದ್ರೂ ನಗ್ತಾರೆ.’ ಲೋಕಯ್ಯ ಹಾಕಲಿಲ್ಲ. ಧನಿಯ ಮಾತಿಗೆ ಕಾಗದ ಕೇಳುವುದು ದೈವದ ನುಡಿಗೆ ರಶೀದಿ ಕೇಳಿದ ಹಾಗೆ ಎಂದು ಅವನಿಗನಿಸಿತ್ತು. ನೊಗ ಹೊತ್ತು ಹೋಗುವಾಗ ಗದ್ದೆಯಂಚಿನ ಕಟ್ಟಪುಣಿಯಲ್ಲಿ ಜಾರಿ ಸೊಂಟ ಮುರಿದ ವರ್ಷ ಗದ್ದೆಯೂ ಹೋಯಿತು. ಫ್ಯಾಕ್ಟರಿಯ ಬೀಜ ಒಣಗಿಸುವ ಅಂಗಳ ಈಗ ಇರುವುದು ಅದರ ಮೇಲೆ.

“ಒಂದು ಕಾಗದ ಇದ್ದಿದ್ರೆ,” ಎಂದು ಮುದುಕ ಕಥೆ ಮುಗಿಸುತ್ತಿದ್ದ.

ಆವತ್ತು ನೀಲಾವತಿ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. “ಮಾವ, ಗದ್ದೆ ನಿಮ್ಮದೇ ಅಂತ ಇದ್ದಾಗ ನೀವು ಬೇರೆ ಕಡೆ ಕೆಲಸಕ್ಕೆ ಹೋಗ್ಬಹುದಿತ್ತಾ?”

“ಅದು ಹೇಗೆ ಹೋಗುವುದು? ಹೋದ್ರೆ ಗದ್ದೆ ಹೋಯ್ತಲ್ಲ.”

“ಇವರು?” ತೀರಿಹೋದ ಗಂಡನ ಬಗ್ಗೆ ಕೇಳಿದಳು. “ಇವರು ಹೋಗ್ಬಹುದಿತ್ತಾ?”

“ಅವ ಸಣ್ಣದಿರುವಾಗ ಶಾಲೆಗೆ ಹೋಗ್ತೇನೆ ಅಂತ ಕೂಗ್ತಿದ್ದ. ಧನಿ, ‘ಗದ್ದೆ ನಿಮ್ಮದು, ದನ ನಮ್ಮದು, ಮೇಯಿಸುವುದು ಯಾರು?’ ಅಂದ್ರು. ಸರಿಯಲ್ವಾ ಅಂತ ಕಂಡಿತು.” ಮುದುಕ ಯಾರೋ ಅಡ್ಡ ಮಾತಾಡಿದಂತೆ ಗದರಿದ. “ಕಾಗದ ಇರ್ಲಿಲ್ಲ, ಅದಕ್ಕೇ ಎಲ್ಲ ಆದದ್ದು. ನೀನು ಒತ್ತು.”

ನೀಲಾವತಿ ಅಕ್ಕಿಯಿಂದ ಕಲ್ಲೊಂದನ್ನು ಹೆಕ್ಕಿದಳು. ಮಾವ ಎಷ್ಟೋ ವರ್ಷದಿಂದ ಒಂದು ಕಾಗದಕ್ಕಾಗಿ ಅಳುತ್ತಿದ್ದಾನೆ. ಬೆನ್ನು ಬಗ್ಗಿದಷ್ಟು ಕಾಲ ಮಾತ್ರ ತನ್ನದಾಗಿದ್ದದ್ದು ಎಂದೂ ತನ್ನದಾಗಿರಲಿಲ್ಲ ಎಂದು ಅವನಿಗೆ ಯಾರು ಹೇಳಬೇಕು? ಈ ವಯಸ್ಸಿನಲ್ಲಿ ಹೇಳಿ ಏನು?

ಶನಿವಾರ ಸಂಜೆ ವಿಸ್ಮಿತಾ ಬಿಸಿನೀರು ಕಾಯಿಸಿದಳು. ಚೆಂಬಿನಲ್ಲಿ ತಂದಿಟ್ಟು ತಾಯಿಯ ಕೈಯನ್ನು ಅದರಲ್ಲಿ ಅದ್ದಿದಳು. ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿಗೆ ಎಣ್ಣೆ ಹಾಕಿ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಿಕ್ಕತೊಡಗಿದಳು. ಮಗಳು ಹೀಗೆ ಕೈ ಹಿಡಿದು ಕೂತು ಎಷ್ಟು ಕಾಲವಾಗಿತ್ತು! ಅವಳ ಬೆರಳು ನುಣುಪಾಗಿತ್ತು. ನೀಲಾವತಿ ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು. ಈ ಪ್ರೀತಿ ಯಾವುದಕ್ಕಾಗಿ ಎಂದು ನೆನಪಾದದ್ದು ಆಮೇಲೆ.

“ಉರಿಯುತ್ತದಾ ಅಮ್ಮ?”

“ಇಲ್ಲ.”

“ಸೋಮವಾರ ಒಂದು ಮುಗಿದ್ರೆ ನನಗೆ ತಲೆಬಿಸಿ ಇಲ್ಲ. ಧನರಾಜ್ ಸರ್ ಮೊನ್ನೆಯಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುವುದೇ ಇಲ್ಲ.”

“ನಿನ್ನ ಸಂಬಳ ಬಂತಾ ಈ ತಿಂಗಳದ್ದು?”

ಮಗಳ ಬೆರಳು ಒಂದು ಗಳಿಗೆ ನಿಂತು ಪುನಃ ತಿಕ್ಕಿತು. “ಅರ್ಧ ಬಂತು. ಉಳಿದದ್ದು ನನಗೂ ಹಾಗೆಯೇ.”

“ಹೇಗೆ?”

“ಆಪ್ಷನ್. ನಾಲ್ಕು ವರ್ಷ. ಸ್ಟಾಫಿಗೆಲ್ಲ ಮೊದಲೇ ಮಾಡಿದ್ದಾರೆ. ನಾನು ಸೇರುವಾಗಲೇ ಸೈನ್ ಮಾಡಿದ್ದೇನೆ.”

“ಮಂಗಳೂರಿನಲ್ಲಿ ಬ್ಯಾಂಕಿನ ಪರೀಕ್ಷೆ ಬರೀತೇನೆ ಅಂತ ಹೇಳ್ತಿದ್ದಿಯಲ್ಲ?”

“ಈಗ ಬಿಟ್ರೆ ಅದೆಲ್ಲ ಹೋಗ್ತದಲ್ಲ ಅಮ್ಮ. ನಾಲ್ಕು ವರ್ಷ ಕಳೀಲಿ. ನೋಡುವ.”

ನೋಡುವ. ಧನಿಯ ಮಾತು ಮಗಳ ಬಾಯಿಗೆ ಬಂದಿತ್ತು. ನೀಲಾವತಿ ಕೈ ಎಳೆದುಕೊಳ್ಳಲಿಲ್ಲ. ಮಗಳು ತಿಕ್ಕುತ್ತಲೇ ಇದ್ದಳು. ದನ ಮೇಯಿಸಲು ಹೋದ ಹುಡುಗನ ಮುಖ ನೀಲಾವತಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಮೀಸೆ ಬಂದ ಮೇಲಿನ ಮುಖ. ಆ ಸಂಜೆ ಆ ಹುಡುಗನಿಗೆ ವಿಸ್ಮಿತಳ ಮುಖವೇ ಇತ್ತು.

ಭಾನುವಾರ ಇಳಿಹೊತ್ತಿಗೆ ಝೈನಬ್ ಬಂದಳು. ಕೈಯಲ್ಲಿ ಬೂತಾಯಿ ಮೀನಿನ ಪ್ಲಾಸ್ಟಿಕ್ ತೊಟ್ಟೆ. ಜಗಲಿಯಲ್ಲಿದ್ದ ಲೋಕಯ್ಯನಿಗೆ, “ಹೇಗಿದ್ದೀರಿ ಅಜ್ಜ, ಇನ್ನೂ ಮದುವೆ ಆಗ್ಲಿಲ್ವಾ?” ಎಂದು ಕೇಳಿ, ಸೀದಾ ಹಿತ್ತಿಲಿಗೆ ಬಂದಳು. ಮೀನು ಕೊಟ್ಟು ಸುತ್ತ ನೋಡಿದಳು. ಸೊಂಟದಿಂದ ಕೆಮ್ಮಿನ ಔಷಧದ ಹಳೇ ಬಾಟ್ಲಿ ತೆಗೆದಳು. ಒಳಗೆ ಕಪ್ಪಗೆ ಸೊನೆ.

“ಹಚ್ಚಿಕೋ. ಇವತ್ತು ಹಚ್ಚಿದ್ರೆ ನಾಳೆಗೆ ಮೊದಲಿನ ಹಾಗೆಯೇ. ಮೆಷಿನ್ ಆಗುವುದಿಲ್ಲ ಅಂತದೆ.”

“ನೀನು ಒತ್ತಿದ್ದಿಯಲ್ಲ.”

“ನಾನು ಒತ್ತಿ ಸತ್ತೆ. ಮನೆಯಲ್ಲಿ ಉಣ್ಣುವ ಬಾಯಿ ನಾಲ್ಕು, ಬಿಸಿ ಬೀಜ ಹೊರ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಆದ್ರೆ ನೀನೊಬ್ಬಳು ಬಾಕಿ ಉಳಿದ್ರೆ ಆ ಮುಂಬೈಯವರು ಯಾಕೆ ಅಂತ ಕೇಳ್ತಾರಲ್ಲ? ಕೇಳಲಿ. ಒಮ್ಮೆಯಾದ್ರೂ ಕೇಳಲಿ. ನೀನು ಬೇಡ ಅಂತ ಹೇಳ್ಬೇಕಾಗಿಯೇ ಇಲ್ಲ. ಮೆಷಿನ್ ಹೇಳ್ತದೆ. ನಿನ್ನ ಮಗಳಿಗೂ ಬೈಲಿಕ್ಕೆ ಆಗುವುದಿಲ್ಲ, ಧನಿಗೂ ಆಗುವುದಿಲ್ಲ.” ಝೈನಬ್ ಬಾಟ್ಲಿಯನ್ನು ಒಲೆಯ ಸೌದೆಯ ಹಿಂದೆ ಇಟ್ಟಳು. “ನಾನು ಬಂದೇ ಇಲ್ಲ ಆಯ್ತಾ? ಮೀನು ಕೊಟ್ಟದ್ದು ಮಾತ್ರ.”

ಅವಳು ಹೋದ ಮೇಲೆ ನೀಲಾವತಿ ಕಲ್ಲಿನ ಮೇಲೆ ಕೂತು ಬೂತಾಯಿ ಹೆರೆಯತೊಡಗಿದಳು. ಪೊರೆಗಳು ಒಂದೊಂದೂ ಬೆರಳಿಗೆ ತಿಳಿಯುತ್ತಿದ್ದವು. ಕಿವಿರಿನ ಅಂಚು ಚುಚ್ಚಿದಾಗ ನೋವಾಯಿತು. ಚಂದದ ನೋವು, ಸಣ್ಣದು, ಒಂದೇ ಕಡೆ ಇರುವಂಥದು.

ಎದ್ದು ಸೌದೆಯ ಹಿಂದಿನಿಂದ ಬಾಟ್ಲಿ ತೆಗೆದಳು. ಮುಚ್ಚಳ ಬಿಚ್ಚಿದಳು. ವಾಸನೆ ಮೂಗಿಗೆ ಹೊಡೆಯಿತು. ಒಂದು ಸಲ ಅದ್ದಿದರೆ ಸಾಕು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಮಗಳ ಕುರ್ಚಿ ಉಳಿದರೂ ಉಳಿಯಬಹುದು. ತಾನು ಪುನಃ ಮೇಜಿಗೆ ಹೋಗಿ ಕೂರಬಹುದು, ಗೆರೆ ಬರಲಿಲ್ಲ ಧನಿ ಎಂದು ಹಲ್ಲು ಕಿರಿಯಬಹುದು. ಧನಿ ಇನ್ನೊಂದು ವಾರ ರಜೆ ಕೊಡಬಹುದು. ಪುನಃ ಗುಣವಾಗಬಹುದು, ಪುನಃ ಸುಡಬಹುದು.

ಬೇಡ ಎನ್ನಲು ಕೂಡ ತನ್ನ ಕೈಯನ್ನೇ ಸುಡಬೇಕೇ?

ಅವಳು ಬಾಟ್ಲಿಯನ್ನು ಬಚ್ಚಲಿನ ಹಿಂದಿನ ಬೂದಿಗುಂಡಿಗೆ ಪೂರ್ತಿ ಸುರಿದಳು. ಮೇಲೆ ಬೂದಿ ಎಳೆದಳು. ಕೈ ತೊಳೆದಳು.

“ಅಮ್ಮ!” ಒಳಗಿನಿಂದ ವಿಸ್ಮಿತಾ ಬಂದಳು. “ಕೈ ತೋರಿಸು.”

ತೋರಿಸಿದಳು. ಮಗಳು ಹೆಬ್ಬೆರಳನ್ನು ಬೆಳಕಿಗೆ ಹಿಡಿದು ಹಿಗ್ಗಿದಳು. “ಎಷ್ಟು ಚಂದ ಬಂದಿದೆ ನೋಡು! ಸುತ್ತು ಸುತ್ತು. ನಾಳೆ ಒಂದೇ ಸಲಕ್ಕೆ ಆಗ್ತದೆ. ಬೇಗ ಹೋಗುವ ಆಯ್ತಾ? ಅವರು ಬರುವ ಮೊದಲೇ ಮುಗಿಸುವ.”

“ಹೋಗುವ.”

ಅವರು ಬರುವ ಮೊದಲು ಬೇಡ. ಅವರು ಬಂದ ಮೇಲೆ, ಅವರ ಎದುರಿನಲ್ಲಿ. ಹೊಸ್ತಿಲ ಹತ್ತಿರ ಅಲ್ಲ, ಮೇಜಿನ ಹತ್ತಿರ ಹೋಗಿ ನಿಂತು. ಬೆರಳು ಸರಿಯಾಗಿದೆ ಧನಿ, ಗೆರೆ ಬಂದಿದೆ, ನಾನು ಒತ್ತುವುದಿಲ್ಲ. ನನಗೆ ಕೂಲಿ ಬೇಕು, ಏರಿಸಿದ ಕೂಲಿ, ಕೈಗೆ. ಅಷ್ಟು ಹೇಳಿದರೆ ಮಗಳ ಕುರ್ಚಿ ಹೋಗುತ್ತದೆ. ಮೂಡುಬಿದಿರೆಯ ಬಸ್ಸಿನಲ್ಲಿ ನಿಂತು ನಿಂತು ಓದಿ ಸಂಪಾದಿಸಿದ ಕುರ್ಚಿ. ಅವಳು ತಾಯಿಯ ಹತ್ತಿರ ಮಾತು ಬಿಡಬಹುದು, ತಿಂಗಳಲ್ಲ, ವರ್ಷಗಟ್ಟಲೆ. ಮಾವ ಜಗಲಿಯಿಂದ ಶಪಿಸಬಹುದು. ತಾನು ಬಿಸಿ ಬೀಜದ ಗೋಣಿ ಹೊರಬೇಕಾಗಬಹುದು, ಅದೂ ಸಿಗದಿರಬಹುದು. ನೀಲಾವತಿಗೆ ಎಲ್ಲವೂ ಕಂಡಿತು. ಕಂಡ ಮೇಲೂ ಒಳಗಿನ ಮಾತು ಬದಲಾಗಲಿಲ್ಲ.

“ಎಂತ ಅಮ್ಮ, ಹಾಗೆ ನೋಡ್ತಿದ್ದಿ?”

“ಏನಿಲ್ಲ. ಮೀನಿಗೆ ಪುಳಿ ಸ್ವಲ್ಪ ಜಾಸ್ತಿ ಹಾಕುವುದಾ?”

“ಹಾಕು.”

ಮಗಳು ನಾಳೆಯ ಚೂಡಿದಾರಕ್ಕೆ ಇಸ್ತ್ರಿ ಹಾಕಲು ಒಳಗೆ ಹೋದಳು. ನೀಲಾವತಿ ಕಲ್ಲಿನ ಮೇಲೆ ಕೂತು, ಉಳಿದ ಮೀನನ್ನು ಹತ್ತಿರ ಎಳೆದುಕೊಂಡಳು.